ತೊಸ್ಕಾನೊ: ಕಟ್ಟಿಗೆಯ ಹೊಗೆಯಲ್ಲಿ ಹದಗೊಂಡ ಸಿಗಾರ್

ಸಿಗಾರ್ ಎಂದೊಡನೆ ಕ್ಯೂಬಾವನ್ನೇ ನೆನೆಯುವವರು ಇಟಲಿಯ ತೊಸ್ಕಾನೊವನ್ನು ಮೊದಲ ಸಲ ಕಂಡಾಗ ಅಗ್ಗದ ಸರಕೆಂದು ಬದಿಗಿಡುವ ಸಾಧ್ಯತೆಯೇ ಹೆಚ್ಚು. ಮೈ ಒರಟು, ಬಣ್ಣ ಗಾಢ ಕಂದು, ಎಲೆಯ ನರಗಳು ಎದ್ದು ಕಾಣುತ್ತವೆ. ನಡುವೆ ಉಬ್ಬಿ ಎರಡೂ ತುದಿಗಳಲ್ಲಿ ಸಪೂರವಾಗುವ ಈ ಸಿಗಾರಿನಲ್ಲಿ ನುಣುಪೆಂಬುದೇ ಇಲ್ಲ. ಆದರೂ ಸಿಗಾರುಗಳಲ್ಲಿ ನಾನು ಅತಿ ಹೆಚ್ಚು ಮೆಚ್ಚಿರುವುದು ಇದನ್ನೇ.

1815ರ ಬೇಸಿಗೆಯಲ್ಲಿ ಫ್ಲಾರೆನ್ಸಿನ ತಂಬಾಕು ಕಾರ್ಖಾನೆಯಲ್ಲಿ ಒಣಗಲು ಇಟ್ಟಿದ್ದ ಕೆಂಟಕಿ ಎಂಬ ಬಗೆಯ ಹೊಗೆಸೊಪ್ಪು ಹಠಾತ್ತನೆ ಸುರಿದ ಮಳೆಗೆ ನೆನೆದು ಹುದುಗಿತೆಂದೂ, ಅದನ್ನು ಎಸೆಯಲು ಮನಸ್ಸಾಗದೆ ಜನಸಾಮಾನ್ಯರಿಗಾಗಿ ಅಗ್ಗದ ಸಿಗಾರುಗಳನ್ನು ಸುತ್ತಿಸಿದರೆಂದೂ ಇಟಲಿಯಲ್ಲಿ ಕಥೆಯಿದೆ. 1818ರಲ್ಲಿ ಅದೇ ನಗರದಲ್ಲಿ ಕ್ರಮಬದ್ಧವಾದ ತಯಾರಿಕೆ ಆರಂಭವಾಯಿತು. ಈಗ ಲುಕ್ಕಾ ಮತ್ತು ಕಾವಾ ದೆ ತಿರ್ರೆನಿ ಊರುಗಳಲ್ಲಿ ಕಾರ್ಖಾನೆಗಳಿವೆ.

ಇದರ ರುಚಿಯ ಮೂಲವಿರುವುದು ಎಲೆಯನ್ನು ಹದಗೊಳಿಸುವ ಕ್ರಮದಲ್ಲಿ. ನಮ್ಮ ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಹದಗೊಳಿಸುವ ಮನೆಗಳಾದ ಬ್ಯಾರನ್‌ಗಳಲ್ಲಿಯೂ ಕಟ್ಟಿಗೆ ಉರಿಸುತ್ತಾರೆ. ಆದರೆ ಅಲ್ಲಿ ಹೊಗೆ ಕೊಳವೆಯೊಳಗೆ ಹರಿದು ಹೊರಹೋಗುತ್ತದೆ, ಎಲೆಗೆ ತಗಲುವುದು ಬಿಸಿ ಮಾತ್ರ. ತೊಸ್ಕಾನೊಗೆ ಬೇಕಾದ ಕೆಂಟಕಿ ಎಲೆಯನ್ನು ಓಕ್ ಮತ್ತು ಬೀಚ್ ಮರದ ಕಟ್ಟಿಗೆಯ ಬೆಂಕಿಯ ಮೇಲೆಯೇ ತೂಗುಹಾಕಿ, ಹೊಗೆಯನ್ನು ನೇರವಾಗಿ ಎಲೆಗೆ ಕುಡಿಸುತ್ತಾರೆ. ಬಳಿಕ ನೀರಿನಲ್ಲಿ ನೆನೆಸಿ ಹುದುಗಿಸುತ್ತಾರೆ. ಸುತ್ತುವ ವಿಧಾನವೂ ಸರಳ: ಒಳಗೆ ತುಂಬುವ ಚೂರು, ಹೊರಗೆ ಒಂದೇ ಎಲೆ, ಕ್ಯೂಬಾದ ಸಿಗಾರುಗಳಂತೆ ಇವೆರಡರ ನಡುವೆ ಬಿಗಿಯುವ ಮತ್ತೊಂದು ಪದರವಿಲ್ಲ. ಲುಕ್ಕಾದಲ್ಲಿ ಇಂದಿಗೂ ಸಿಗರಾಯೆ ಎಂದು ಕರೆಯಲಾಗುವ ಮಹಿಳೆಯರು ಕೆಲವು ಬಗೆಗಳನ್ನು ಕೈಯಿಂದಲೇ ಸುತ್ತುತ್ತಾರೆ.

ಸೇದುವ ಮುನ್ನ ಇದನ್ನು ನಡುವಿಗೆ ಸರಿಯಾಗಿ ಎರಡಾಗಿ ಕತ್ತರಿಸುವುದು ಅಲ್ಲಿನ ರೂಢಿ. ಅರ್ಧ ತುಂಡೇ ಒಂದು ಸಂಜೆಗೆ ಸಾಕು, ಉಳಿದರ್ಧ ಜೊತೆಗಿರುವ ಸ್ನೇಹಿತನಿಗೆ. ಹೊಗೆಯನ್ನು ಎದೆಗೆ ಎಳೆಯಬಾರದು, ಬಾಯಲ್ಲಿ ಕ್ಷಣ ನಿಲ್ಲಿಸಿ ಬಿಡಬೇಕು. ಅವಸರಪಟ್ಟರೆ ಎಲೆ ಕಾದು ಬಾಯೆಲ್ಲ ಕಹಿಯಾಗುತ್ತದೆ. ಮೊದಲಿಗೆ ಒಲೆಯ ಕಟ್ಟಿಗೆಯ ವಾಸನೆ, ತುಸು ಹೊತ್ತಿಗೆ ಕಾಳುಮೆಣಸಿನ ಚುರುಕು, ಕೊನೆಯ ಭಾಗದಲ್ಲಿ ಹದಮಾಡಿದ ಚರ್ಮವನ್ನು ನೆನಪಿಸುವ ಗಾಢತೆ ಬರುತ್ತದೆ. ಸಕ್ಕರೆಯಿಲ್ಲದ ಎಸ್ಪ್ರೆಸ್ಸೊ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ನಿಕೊಟಿನ್ ಸಾಕಷ್ಟು ಪ್ರಬಲವಾಗಿರುವುದರಿಂದ ಖಾಲಿ ಹೊಟ್ಟೆಯಲ್ಲಿ ಮುಟ್ಟಲೇಬಾರದು. ಒಳಗೆಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲವೆಂಬುದನ್ನು ಅರಿತೇ ಅಪರೂಪಕ್ಕೆ ಸೇದಬೇಕಾದ ವಸ್ತುವಿದು.

ಹೊಸಬರಿಗೆ ನಾನು ಸೂಚಿಸುವುದು ಇಟಲಿಯ ಏಕೀಕರಣದ ನಾಯಕ ಗ್ಯಾರಿಬಾಲ್ಡಿಯ ಹೆಸರಿನ ಬಗೆಯನ್ನು. ಆ ನಾಯಕನ ನಿಧನದ ಶತಮಾನೋತ್ಸವದ ವರ್ಷವಾದ 1982ರಲ್ಲಿ ಬಂದ ಈ ಬಗೆ ಉಳಿದವುಗಳಿಗಿಂತ ಮೃದು. ಅದು ರುಚಿಸಿದವರು 1973ರಿಂದ ಇರುವ ಆಂತಿಕೊ ತೊಸ್ಕಾನೊಗೆ ಹೋಗಬಹುದು. ಹೆಚ್ಚು ಮಾಗಿದ ಅದರಲ್ಲಿ ಹೊಗೆಯೂ ಖಾರವೂ ಒಂದನ್ನೊಂದು ಮೀರದೆ ಸಮನಾಗಿ ನಿಲ್ಲುತ್ತವೆ. ನನ್ನ ಮೊದಲ ಆಯ್ಕೆಯೂ ಅದೇ. ಗಿಡ್ಡ ತೊಸ್ಕಾನೆಲ್ಲೊಗಳಲ್ಲಿ ಕಾಫಿಯಂತಹ ಪರಿಮಳ ಬೆರೆಸಿದವೂ ದೊರೆಯುತ್ತವೆ, ಆದರೆ ಇಷ್ಟು ಶ್ರಮದಿಂದ ಎಲೆಗೆ ಹತ್ತಿಸಿದ ಹೊಗೆಯ ಸೊಗಸನ್ನು ಆ ಪರಿಮಳ ಮುಚ್ಚಿಬಿಡುತ್ತದೆಂದು ನನಗನಿಸುತ್ತದೆ.

ಕ್ಯೂಬಾದ ಸಿಗಾರಿಗೆ ಬೇಕಾಗುವ ತೇವದ ಪೆಟ್ಟಿಗೆ ಇದಕ್ಕೆ ಬೇಕಿಲ್ಲ, ಪೊಟ್ಟಣದಲ್ಲೇ ಇಟ್ಟುಕೊಳ್ಳಬಹುದು. ಇಟಲಿಯಲ್ಲಿ ದೊಡ್ಡ ‘ಟಿ’ ಅಕ್ಷರದ ಫಲಕವಿರುವ ಯಾವ ತಂಬಾಕಿನ ಅಂಗಡಿಯಲ್ಲಿ ಕೊಂಡರೂ ಬೆಲೆ ಒಂದೇ ಆಗಿರುವುದರಿಂದ ಅಂಗಡಿಗಳನ್ನು ಸುತ್ತುವ ಅಗತ್ಯವಿಲ್ಲ.