ಇಂಗ್ಲಿಷ್ ತಿದ್ದುವ ತಂತ್ರಾಂಶಕ್ಕೆ ಗಂಟೆ ಗೊತ್ತು, ಗಡುವು ಗೊತ್ತಿಲ್ಲ

ಇಂಗ್ಲಿಷಿನಲ್ಲಿ ಪತ್ರ, ಅರ್ಜಿ, ವರದಿಗಳನ್ನು ಬರೆಯುವಾಗ ತಪ್ಪುಗಳನ್ನು ಗುರುತಿಸಿ ತಿದ್ದಿಕೊಡುವ ತಂತ್ರಾಂಶವೊಂದನ್ನು ನಾನು ಸಾಕಷ್ಟು ಕಾಲದಿಂದ ಬಳಸುತ್ತಿದ್ದೇನೆ. ಅದರ ಎಲ್ಲ ಸೌಲಭ್ಯಗಳನ್ನೂ ಇಲ್ಲಿ ಪರಿಶೀಲಿಸುವುದಿಲ್ಲ; ಕಾಲವನ್ನು ಸೂಚಿಸುವ ಪ್ರಿಪೊಸಿಷನ್‌ಗಳನ್ನು, ಅಂದರೆ 'ಅಟ್', 'ಆನ್', 'ಇನ್', 'ಬೈ' ಮೊದಲಾದ ಸಂಬಂಧಸೂಚಕ ಪದಗಳನ್ನು, ಅದು ಹೇಗೆ ನಿಭಾಯಿಸುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ಈ ಪದಗಳಲ್ಲಿ ಆಗುವ ತಪ್ಪುಗಳು ಎರಡು ಬಗೆಯವು. ಓದುವವರಿಗೆ ಭಾಷೆ ಎಡವಿದಂತೆ ಕಂಡರೂ ಅರ್ಥ ಕೆಡದಿರುವುದು ಒಂದು ಬಗೆ. ವಾಕ್ಯ ಲಕ್ಷಣವಾಗಿಯೇ ಇದ್ದು, ಅದು ಹೇಳುವ ದಿನವೋ ಅವಧಿಯೋ ಬೇರೆಯೇ ಆಗಿಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ಈ ತಂತ್ರಾಂಶ ನಂಬಿಕೆಗೆ ಅರ್ಹ. ಎರಡನೆಯದರಲ್ಲಿ ಅದನ್ನು ನಂಬಿ ಕೂರಬಾರದು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಗಂಟೆಗೆ 'ಅಟ್', ವಾರದ ದಿನ ಮತ್ತು ತಾರೀಖಿಗೆ 'ಆನ್', ತಿಂಗಳು ಮತ್ತು ವರ್ಷಕ್ಕೆ 'ಇನ್' ಎಂಬ ಮೂಲ ನಿಯಮವನ್ನು ಮೀರಿದ ಯಾವ ವಾಕ್ಯವೂ ಅದರ ಕಣ್ಣು ತಪ್ಪಿಸುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಕಡೆಗಳಲ್ಲೂ ಅದು ಚುರುಕಾಗಿದೆ. 'ಇನ್ ದಿ ಮಾರ್ನಿಂಗ್' ಸರಿಯಾದರೂ ಮುಂದೆ ವಾರದ ಹೆಸರು ಬಂದೊಡನೆ 'ಆನ್ ಮಂಡೇ ಮಾರ್ನಿಂಗ್' ಆಗಬೇಕು. ಬೆಳಗ್ಗೆ, ಮಧ್ಯಾಹ್ನ, ಸಂಜೆಗಳಿಗೆ 'ಇನ್' ಬಂದರೂ ರಾತ್ರಿಗೆ ಸಾಮಾನ್ಯವಾಗಿ 'ಅಟ್ ನೈಟ್' ಎನ್ನಬೇಕು. 'ನೆಕ್ಸ್ಟ್', 'ಲಾಸ್ಟ್', 'ಎವ್ರಿ' ಮೊದಲಾದ ಪದಗಳಿದ್ದಾಗ ಪ್ರಿಪೊಸಿಷನ್ ಬೇಕಾಗಿಯೇ ಇಲ್ಲ. 'ಆನ್ ನೆಕ್ಸ್ಟ್ ಮಂಡೇ' ಎಂದು ಬರೆದರೆ 'ಆನ್' ಪದದ ಕೆಳಗೆ ಕೆಂಪು ಗೆರೆ ಮೂಡುತ್ತದೆ, ಅದರ ಮೇಲೆ ಒತ್ತಿದರೆ ಪದ ಮಾಯವಾಗುತ್ತದೆ. ನಮ್ಮಲ್ಲಿ ಅತಿ ಹೆಚ್ಚು ಕಾಣುವ 'ಸಿನ್ಸ್ ತ್ರೀ ಇಯರ್ಸ್' ಎಂಬ ಪ್ರಯೋಗವನ್ನೂ ಅದು ಹಿಡಿಯುತ್ತದೆ. '2019ರಿಂದ' ಎನ್ನುವಲ್ಲೂ 'ಮೂರು ವರ್ಷದಿಂದ' ಎನ್ನುವಲ್ಲೂ ಕನ್ನಡಕ್ಕೆ ಒಂದೇ ಪ್ರತ್ಯಯ ಸಾಕಾಗುವುದರಿಂದ ಈ ತಪ್ಪು ನಮ್ಮ ಕೈಯಿಂದ ಸಲೀಸಾಗಿ ಆಗುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಸಿನ್ಸ್', ಎರಡನೆಯದಕ್ಕೆ 'ಫಾರ್'.

ಇನ್ನು ಎರಡನೆಯ ಬಗೆ. ಯಾರಿಗಾದರೂ ಶುಕ್ರವಾರದೊಳಗೆ ದಾಖಲೆಗಳನ್ನು ಕಳಿಸಿ ಎಂದು ತಿಳಿಸಬೇಕಾಗಿದೆ ಎನ್ನೋಣ. 'ಪ್ಲೀಸ್ ಸೆಂಡ್ ದಿ ಡಾಕ್ಯುಮೆಂಟ್ಸ್ ಅಂಟಿಲ್ ಫ್ರೈಡೇ' ಎಂದು ಬರೆದು ನೋಡಿದೆ. ಗೆರೆಯಿಲ್ಲ, ಸೂಚನೆಯಿಲ್ಲ, ಬದಿಯಲ್ಲಿ ಎಲ್ಲವೂ ಸರಿಯಿದೆ ಎಂಬ ಹಸಿರು ಗುರುತು ಮಾತ್ರ ಇತ್ತು. ಆದರೆ ಆ ವಾಕ್ಯ ಹೇಳುವುದು ಶುಕ್ರವಾರದ ತನಕ ಕಳಿಸುತ್ತಲೇ ಇರಿ ಎಂದು. ಗಡುವನ್ನು ಹೇಳುವುದು 'ಬೈ', ಒಂದು ಸ್ಥಿತಿ ಅಲ್ಲಿಯವರೆಗೂ ಮುಂದುವರಿಯುವುದನ್ನು ಹೇಳುವುದು 'ಅಂಟಿಲ್'. ಕನ್ನಡದಲ್ಲಿ 'ಒಳಗೆ' ಮತ್ತು 'ತನಕ' ಎಂದು ಈ ಭೇದ ಸ್ಪಷ್ಟವಾಗಿಯೇ ಇರುವುದರಿಂದ, ಅನುಮಾನ ಬಂದಾಗ ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಂಡರೆ ತಂತ್ರಾಂಶಕ್ಕಿಂತ ಒಳ್ಳೆಯ ಉತ್ತರ ಸಿಗುತ್ತದೆ. 'ವೇಟ್ ಬೈ ಫ್ರೈಡೇ' ಎಂದಾಗ ಮಾತ್ರ ಅದು ಎಚ್ಚೆತ್ತು 'ಅಂಟಿಲ್' ಎಂದು ಸೂಚಿಸಿತು. ಆ ಕ್ರಿಯಾಪದದ ಜೊತೆ 'ಅಂಟಿಲ್' ಬರುವುದು ವಾಡಿಕೆಯಾದದ್ದರಿಂದ ಹೀಗಾಯಿತೆಂದು ತೋರುತ್ತದೆ, ಬರೆದವರ ಉದ್ದೇಶ ತಿಳಿದದ್ದರಿಂದಲ್ಲ.

'ಬೈ ಫ್ರೈಡೇ' ಎಂದರೆ ಸಾಮಾನ್ಯವಾಗಿ ಶುಕ್ರವಾರವೂ ಸೇರುತ್ತದೆ, 'ಬಿಫೋರ್ ಫ್ರೈಡೇ' ಎಂದರೆ ಸೇರುವುದಿಲ್ಲ. 'ಅಂಟಿಲ್ ಫ್ರೈಡೇ' ಎಂದರೆ ಆ ದಿನ ಸೇರುತ್ತದೆಯೋ ಇಲ್ಲವೋ ಎಂಬುದೇ ಅಸ್ಪಷ್ಟ. ಒಪ್ಪಂದ, ರಜೆ ಅರ್ಜಿ, ಬಾಡಿಗೆ ಕರಾರುಗಳಲ್ಲಿ ಈ ಒಂದು ದಿನದ ವ್ಯತ್ಯಾಸ ದೊಡ್ಡದು. ಇಂಥ ಕಡೆ ದಿನಾಂಕವನ್ನು ಬರೆದು 'ಆ ದಿನವೂ ಸೇರಿದಂತೆ' ಎಂದು ಸೇರಿಸಿರಿ ಎಂಬ ಸಲಹೆಯನ್ನಾದರೂ ತಂತ್ರಾಂಶ ಕೊಡಬಹುದಿತ್ತು. ಕೊಡುವುದಿಲ್ಲ.

'ಇನ್ ಟು ಡೇಸ್' ಮತ್ತು 'ವಿದಿನ್ ಟು ಡೇಸ್' ವಿಷಯದಲ್ಲೂ ಇದೇ ಮೌನ. ಮೊದಲನೆಯದನ್ನು ಓದಿದವರು ಎರಡು ದಿನ ಕಳೆದ ಮೇಲೆ ಎಂದೇ ತಿಳಿಯುವ ಸಾಧ್ಯತೆ ಹೆಚ್ಚು. ಎರಡನೆಯದು ಅಷ್ಟರೊಳಗೆ ಯಾವಾಗ ಬೇಕಾದರೂ ಎಂದು ಖಚಿತವಾಗಿ ಹೇಳುತ್ತದೆ. ನಿಗದಿತ ಹೊತ್ತಿಗೆ ಸರಿಯಾಗಿ ಎನ್ನಲು 'ಆನ್ ಟೈಮ್', ಕೈಮೀರುವ ಮುನ್ನ ಎನ್ನಲು 'ಇನ್ ಟೈಮ್'; ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೂ ಅದು ಸುಮ್ಮನಿರುತ್ತದೆ. ಉದ್ಯೋಗದ ಅರ್ಜಿ ಬರೆಯುವವರು 'ಫಾರ್' ಬಗ್ಗೆ ವಿಶೇಷವಾಗಿ ಎಚ್ಚರದಿಂದಿರಬೇಕು. 'ಐ ವರ್ಕ್ಡ್ ಫಾರ್ ಫೈವ್ ಇಯರ್ಸ್' ಎಂದರೆ ಆ ಕೆಲಸ ಮುಗಿದುಹೋಗಿದೆ, 'ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್' ಎಂದರೆ ಇನ್ನೂ ಮಾಡುತ್ತಿದ್ದೇನೆ. ಎರಡೂ ವ್ಯಾಕರಣಬದ್ಧವಾಗಿರುವುದರಿಂದ ತಂತ್ರಾಂಶಕ್ಕೆ ಎರಡೂ ಒಂದೇ.

ಬಳಸುವ ಮುನ್ನ ಯಾವ ಇಂಗ್ಲಿಷ್ ಬೇಕೆಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಳ್ಳಿ. ವಾರಾಂತ್ಯಕ್ಕೆ ಬ್ರಿಟಿಷ್ ಇಂಗ್ಲಿಷಿನಲ್ಲಿ 'ಅಟ್ ದಿ ವೀಕೆಂಡ್', ಅಮೆರಿಕನ್ ಇಂಗ್ಲಿಷಿನಲ್ಲಿ 'ಆನ್ ದಿ ವೀಕೆಂಡ್' ರೂಢಿಯಲ್ಲಿದೆ. ಆಯ್ಕೆ ಬದಲಾದರೆ ಸರಿಯಾದ ವಾಕ್ಯಕ್ಕೂ ಗೆರೆ ಬೀಳುತ್ತದೆ.

ತಿದ್ದುಪಡಿಯ ಜೊತೆ ಬರುವ ವಿವರಣೆ ನನಗೆ ತೀರಾ ನಿರಾಸೆ ತಂದ ಭಾಗ. 'ಇಲ್ಲಿ ಈ ಪದ ಹೊಂದುವುದಿಲ್ಲ' ಎಂಬ ಒಂದೇ ಸಾಲನ್ನು ಅದು ಎಲ್ಲ ಕಡೆಯೂ ತೋರಿಸುತ್ತದೆ. 'ಇನ್ ದಿ ಮಾರ್ನಿಂಗ್' ಎಂಬುದು 'ಆನ್ ದಿ ಮಾರ್ನಿಂಗ್ ಆಫ್ ದಿ ಟೆಂತ್' ಎಂದು ಬದಲಾಗಲು ಆ ಬೆಳಗ್ಗೆ ಒಂದು ನಿರ್ದಿಷ್ಟ ತಾರೀಖಿಗೆ ಸೇರಿದ್ದೇ ಕಾರಣವೆಂದು ಒಂದು ವಾಕ್ಯ ಹೇಳಿದ್ದರೆ, ಕಲಿಯುವವರು ಮುಂದಿನ ಸಲ ತಾವೇ ಸರಿಯಾಗಿ ಬರೆಯುತ್ತಿದ್ದರು. ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲೂ ಈ ವಿವರಣೆ ಹೆಚ್ಚು ಬೆಳೆದಿಲ್ಲ. ಗಂಟೆ, ವಾರ, ತಿಂಗಳುಗಳ ತಪ್ಪುಗಳನ್ನು ಉಚಿತ ಆವೃತ್ತಿಯೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆಯಾದ್ದರಿಂದ, ಕೇವಲ ಈ ಉಪಯೋಗಕ್ಕೆಂದು ಚಂದಾ ಕಟ್ಟುವ ಅಗತ್ಯವಿಲ್ಲ.