ವಿದ್ಯಾರ್ಥಿ ಭವನದ ದೋಸೆ ಮತ್ತು ನಮ್ಮ 12 ವರ್ಷದ ಸಂಸಾರ

ತಿಂಗಳಿಗೊಂದು ಭಾನುವಾರ ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ನಾನೂ ನನ್ನ ಹೆಂಡತಿಯೂ ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗುತ್ತೇವೆ. 1943ರಿಂದ ಇರುವ ಹೋಟೆಲು, ದೋಸೆ ಬಗ್ಗೆ ಹೊಸದಾಗಿ ಹೇಳುವುದೇನಿದೆ! ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ಸಾಂಬಾರ್ ಇಲ್ಲ, ತೆಳು ಚಟ್ನಿ ಮಾತ್ರ, ಅದನ್ನು ಕೇಳಿದಷ್ಟು ಹಾಕುತ್ತಾರೆ.

ಆದರೆ ನನಗೆ ದೋಸೆಗಿಂತ ಜಾಸ್ತಿ ಇಷ್ಟ ಬಾಗಿಲಲ್ಲಿ ಕಾಯುವ ಹೊತ್ತು. ಇಬ್ಬರ ಮೊಬೈಲೂ ಅವಳ ಬ್ಯಾಗಿನಲ್ಲಿ. ಕುಕ್ಕರ್, ಹೋಂವರ್ಕ್, ಇಎಂಐ ನಡುವೆ ಮನೆಯಲ್ಲಿ ಆಡಲಾಗದ ಮಾತೆಲ್ಲ ಅಲ್ಲಿ ತಾನಾಗಿಯೇ ಬರುತ್ತದೆ. ಹೋದ ವರ್ಷ ಅವಳು ಕೆಲಸ ಬಿಡಬೇಕೋ ಬೇಡವೋ ಎಂಬ ವಿಷಯಕ್ಕೆ ನಾವು ಒಂದು ವಾರ ಸರಿಯಾಗಿ ಮಾತೇ ಆಡಿರಲಿಲ್ಲ, ಆ ಸಾಲಿನಲ್ಲಿ ನಿಂತಾಗಲೇ ನಾನು ಅವಳ ಮಾತನ್ನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದ್ದು. ಒಳಗೆ ಹೋದ ಮೇಲೆ, ಕೈಮೇಲೆ ತಟ್ಟೆಗಳನ್ನು ಸಾಲಾಗಿ ಪೇರಿಸಿಕೊಂಡು ಬಂದವರು ದೋಸೆ ಇಟ್ಟು ಹೋದರು. ಅವಳು ಸುಮ್ನೆ ತನ್ನ ದೋಸೆಯ ಗರಿಗರಿ ಅಂಚು ಮುರಿದು ನನ್ನ ತಟ್ಟೆಗಿಟ್ಟಳು. ನನಗೆ ಗಂಟಲು ಕಟ್ಟಿತು.

ಶುಕ್ರವಾರ ರಜೆ, ನೆನಪಿರಲಿ. ಮೇಜಿಗಾಗಿ ಬೇರೆಯವರು ಕಾಯುತ್ತಿರುತ್ತಾರಲ್ವಾ, ಮಾತು ಉಳಿದಿದ್ದರೆ ಕಾಫಿ ಮುಗಿಸಿ ಡಿವಿಜಿ ರಸ್ತೆಯಲ್ಲಿ ಒಂದು ಸುತ್ತು ನಡೆಯಿರಿ.