ಎಂಜಿಬಿಗೆ ಹಗುರ ಫ್ಲೈವೀಲ್: ಬಹುಕಾಲ ಓಡಿಸಿದ ಮೇಲೆ

ಕಾರು: ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿ ಮಾರ್ಕ್ 2 ರೋಡ್‌ಸ್ಟರ್, 1798 ಸಿಸಿ, ಐದು ಮೇನ್ ಬೇರಿಂಗ್ (ಕ್ರ್ಯಾಂಕ್ ಶಾಫ್ಟನ್ನು ಹೊರುವ ಬೇರಿಂಗ್) ಎಂಜಿನ್, ಓವರ್‌ಡ್ರೈವ್ ಗೇರ್‌ಬಾಕ್ಸ್. ಹಾಕಿದ್ದು: ಕಂಪನಿ ಫ್ಲೈವೀಲಿಗಿಂತ ಸುಮಾರು 4 ಕೆ.ಜಿ. ಹಗುರವಾದ ಸ್ಟೀಲ್ ಫ್ಲೈವೀಲ್ (ಕ್ರ್ಯಾಂಕಿನ ತುದಿಯಲ್ಲಿ ತಿರುಗುತ್ತ ಎಂಜಿನ್ ಓಟವನ್ನು ಸಮವಾಗಿಡುವ ಭಾರದ ಚಕ್ರ). ಇದರಿಂದ ಹಾರ್ಸ್‌ಪವರ್ ಒಂದಿಷ್ಟೂ ಹೆಚ್ಚುವುದಿಲ್ಲ. ಎಂಜಿನ್ ಏರುವ, ಇಳಿಯುವ ಚುರುಕು ಮಾತ್ರ ಬದಲಾಗುತ್ತದೆ.

ಎಷ್ಟು ಚುರುಕು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ತೂಕ ಕಡಿಮೆಯಾಗಿದ್ದು ಹೆಚ್ಚಾಗಿ ಅಂಚಿನ ಕಡೆ. ಸರಾಸರಿ ತ್ರಿಜ್ಯ 12 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಫಸ್ಟ್ ಗೇರ್ 3.44, ಡಿಫರೆನ್ಷಿಯಲ್ (ಹಿಂಚಕ್ರಗಳ ನಡುವಿನ ಗೇರ್) 3.909, ಟೈರಿನ ತ್ರಿಜ್ಯ 30 ಸೆಂ.ಮೀ. ಪರಿಣಾಮ ಒಟ್ಟು ಅನುಪಾತದ (ಗೇರ್, ಡಿಫರೆನ್ಷಿಯಲ್ ಎರಡನ್ನೂ ಗುಣಿಸಿದ್ದು) ವರ್ಗದಂತೆ ಬೆಳೆಯುವುದರಿಂದ, ಫಸ್ಟ್‌ನಲ್ಲಿ ಪಿಕಪ್ ಮಟ್ಟಿಗೆ ಕಾರಿನಿಂದ ಸುಮಾರು 115 ಕೆ.ಜಿ. ಇಳಿಸಿದ ಹಾಗೆ. ಸೆಕೆಂಡ್‌ನಲ್ಲಿ ಅದು 46 ಕೆ.ಜಿ., ಟಾಪ್‌ನಲ್ಲಿ ಬರೀ 10. ತಿರುವುಗಳ ಘಾಟಿ ರಸ್ತೆಯಲ್ಲಿ ಕೊಟ್ಟ ದುಡ್ಡು ಸಾರ್ಥಕ, ಹೆದ್ದಾರಿಯಲ್ಲಿ ಗೊತ್ತೇ ಆಗುವುದಿಲ್ಲ.

ಇದೇ ಲೆಕ್ಕದಲ್ಲಿ ಅಲ್ಯೂಮಿನಿಯಂ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂಚಕ್ರಗಳ ಕಡೆಗೆ ಬಲ ಒಯ್ಯುವ ದಂಡ) ಸೋಲುತ್ತದೆ. 3 ಸೆಂ.ಮೀ. ತ್ರಿಜ್ಯದಲ್ಲಿ 2 ಕೆ.ಜಿ. ಉಳಿಸಿದರೆ, ತಿರುಗುವ ತೂಕದ ಲಾಭ ಅರ್ಧ ಕೆ.ಜಿ.ಯೂ ಇಲ್ಲ. ಅದು ಗೇರ್‌ಬಾಕ್ಸ್ ದಾಟಿದ ಮೇಲಿನ ಭಾಗ, ಹಾಗಾಗಿ ಯಾವ ಗೇರಿನಲ್ಲೂ ಅಷ್ಟೇ. ಆ ದುಡ್ಡಲ್ಲಿ ಇರುವ ಶಾಫ್ಟಿಗೇ ಹೊಸ ಯುಜೆ ಕ್ರಾಸ್ (ಶಾಫ್ಟಿನ ತುದಿಯ ಕೀಲು) ಹಾಕಿಸಿ, ಬ್ಯಾಲೆನ್ಸ್ ಮಾಡಿಸಿ.

ಹಳೆಯ ಫ್ಲೈವೀಲನ್ನೇ ಲೇತ್‌ಗೆ ಕೊಡುವುದು ಅಗ್ಗ, ನಿಜ. ಆದರೆ ಎರಕದ ಕಬ್ಬಿಣದ್ದಾದರೆ ಖಂಡಿತ ಬೇಡ. ತೆಳುವಾದ ಎರಕಕ್ಕೆ ಕ್ಲಚ್ ಬಿಸಿಯಿಂದ ಬಿರುಕು ಬಿದ್ದು, ಹೆಚ್ಚಿನ ಆರ್‌ಪಿಎಂನಲ್ಲಿ ಒಡೆದರೆ ಚೂರುಗಳು ಬೆಲ್‌ಹೌಸಿಂಗ್ (ಕ್ಲಚ್ ಸುತ್ತಲಿನ ಕವಚ) ಸೀಳಿಕೊಂಡು ಕಾಲಿನ ಕಡೆಗೇ ಬರುತ್ತವೆ.

ಕೊಳ್ಳುವಾಗ ರಿಂಗ್ ಗೇರ್ (ಸ್ಟಾರ್ಟರ್ ಹಿಡಿದು ತಿರುಗಿಸುವ, ಫ್ಲೈವೀಲ್ ಅಂಚಿನ ಹಲ್ಲಿನ ಬಳೆ) ನೋಡಿ. ಮಾರ್ಕ್ 2ರಿಂದ ಬಂದದ್ದು ಪ್ರಿ-ಎಂಗೇಜ್ಡ್ ಸ್ಟಾರ್ಟರ್, ಅದಕ್ಕೆ ಮೊದಲು ಇನರ್ಷಿಯಾ ಸ್ಟಾರ್ಟರ್; ಎರಡಕ್ಕೂ ಹಲ್ಲಿನ ಓರೆ ಬೇರೆ ಬೇರೆ ಬದಿಗೆ. ತಪ್ಪಿದರೆ ಹಲ್ಲು ಬೇಗ ಸವೆಯುತ್ತದೆ. 1964ರ ಕೊನೆಯವರೆಗಿನ ಮೂರು ಬೇರಿಂಗ್ ಎಂಜಿನ್ನಿಗೆ ಈ ಫ್ಲೈವೀಲ್ ಆಗುವುದಿಲ್ಲ.

ಎಂಜಿಬಿಯಲ್ಲಿ ಕ್ಲಚ್ ಮುಟ್ಟಬೇಕೆಂದರೂ ಎಂಜಿನ್ ಇಳಿಸಲೇಬೇಕು. ಇಳಿಸಿದಾಗಲೇ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಕಾರ್ಬನ್ ರಿಲೀಸ್ ಬೇರಿಂಗ್, ಸ್ಪಿಗಟ್ ಬುಷ್ (ಗೇರ್‌ಬಾಕ್ಸ್ ಶಾಫ್ಟಿನ ತುದಿ ಕ್ರ್ಯಾಂಕಿನೊಳಗೆ ಕೂರುವ ಬುಷ್), ಹಿಂಬದಿಯ ಆಯಿಲ್ ಸೀಲ್ ಎಲ್ಲವನ್ನೂ ಬದಲಿಸಿ. ಫ್ಲೈವೀಲನ್ನು ಪ್ರೆಷರ್ ಪ್ಲೇಟಿನೊಂದಿಗೆ ಜೋಡಿಸಿ ಬ್ಯಾಲೆನ್ಸ್ ಮಾಡಿಸಬೇಕು. ಬಿಚ್ಚುವ ಮೊದಲು ಎರಡರ ಮೇಲೂ ಎದುರುಬದುರು ಗುರುತು ಹೊಡೆಯಿರಿ. ಕ್ರ್ಯಾಂಕ್ ಫ್ಲ್ಯಾಂಜನ್ನು ಚೊಕ್ಕಮಾಡಿ ಕೂರಿಸಿದ ಮೇಲೆ ಡಯಲ್ ಗೇಜ್ (ಓಲಾಟ ಅಳೆಯುವ ಮಾಪಕ) ಹಿಡಿಯಿರಿ. ಓಲಾಟ 0.05 ಮಿ.ಮೀ. ಮೀರಿದರೆ ನಡುವೆ ಕೊಳೆಯೋ ಲೋಹದ ಚೂರೋ ಸಿಕ್ಕಿದೆ ಎಂದರ್ಥ. ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ 40 ಪೌಂಡ್-ಅಡಿಗೆ (ಸುಮಾರು 55 ನ್ಯೂಟನ್-ಮೀಟರ್) ಬಿಗಿಯಿರಿ. ಗೇರ್‌ಬಾಕ್ಸ್ ಸೇರಿಸುವಾಗ ಅದರ ಭಾರ ಕ್ಲಚ್ ಪ್ಲೇಟಿನ ಮೇಲೆ ತೂಗಬಾರದು, ಪ್ಲೇಟಿನ ನಡುಭಾಗ ಬಾಗುತ್ತದೆ.

ಹಾಕಿದ ಮೇಲಿನ ದೂರುಗಳಲ್ಲಿ ಮೊದಲನೆಯದು ಐಡ್ಲಿಂಗ್. ಭಾರದ ಫ್ಲೈವೀಲ್ ಮುಚ್ಚಿಟ್ಟಿದ್ದ ಹುಳುಕೆಲ್ಲ ಈಗ ಹೊರಬರುತ್ತದೆ. ಎಸ್‌ಯು ಕಾರ್ಬ್ಯುರೇಟರಿನ ಥ್ರಾಟಲ್ ಸ್ಪಿಂಡಲ್ ಸವೆದು ಗಾಳಿ ಎಳೆಯುತ್ತಿದ್ದರೆ, ಡಿಸ್ಟ್ರಿಬ್ಯೂಟರಿನ ಅಡ್ವಾನ್ಸ್ ಸ್ಪ್ರಿಂಗ್ ಸಡಿಲವಾಗಿದ್ದರೆ ಆರ್‌ಪಿಎಂ ಒಂದೆಡೆ ನಿಲ್ಲುವುದಿಲ್ಲ. ಅವನ್ನು ಸರಿಪಡಿಸಿ, ಎರಡೂ ಕಾರ್ಬ್ಯುರೇಟರ್ ಸಮ ಮಾಡಿ, ಐಡ್ಲಿಂಗನ್ನು 850–900ಕ್ಕೆ ಇಟ್ಟರೆ ತೊಂದರೆಯಿಲ್ಲ. ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಕಟಕಟ ಎನ್ನುವುದು ಮಾತ್ರ ಪೂರ್ತಿ ಹೋಗುವುದಿಲ್ಲ. ಕ್ಲಚ್ ಒತ್ತಿದರೆ ನಿಲ್ಲುತ್ತದೆ, ಹೆದರಬೇಕಿಲ್ಲ. ಹಾಗೆಂದು ಸಿಗ್ನಲ್‌ನಲ್ಲಿ ಒತ್ತಿಹಿಡಿದು ಕೂರಬೇಡಿ, ಕಾರ್ಬನ್ ಬೇರಿಂಗ್ ಸವೆಯುತ್ತದೆ.

ಏರಿನಲ್ಲಿ ಹೊರಡುವಾಗ ಆಕ್ಸಿಲರೇಟರ್ ತುಸು ಹೆಚ್ಚೇ ಬೇಕು. ಇಲ್ಲವಾದರೆ ಎಂಜಿನ್ ಆಫ್ ಆಗುತ್ತದೆ. ಅರ್ಧ ಕ್ಲಚ್‌ನಲ್ಲಿ ಎಳೆದಾಡಿಸಿದರೆ, ಹಗುರ ಫ್ಲೈವೀಲ್ ಬಿಸಿಯನ್ನು ಹೆಚ್ಚು ಹೀರಿಕೊಳ್ಳಲಾರದ್ದರಿಂದ ಕ್ಲಚ್ ಬೇಗ ಸುಟ್ಟ ವಾಸನೆ ಬರುತ್ತದೆ. ಡೌನ್‌ಶಿಫ್ಟ್ ಮಾತ್ರ ಸೊಗಸು! ಆಕ್ಸಿಲರೇಟರಿಗೆ ಕಾಲು ತಾಗಿಸಿದರೆ ಸಾಕು, ಎಂಜಿನ್ ವೇಗ ಹೊಂದಿಕೊಂಡು ಗೇರ್ ಜಾರಿ ಬೀಳುತ್ತದೆ. ಓವರ್‌ಡ್ರೈವ್ ಬೀಳುವಾಗಿನ ಜರ್ಕೂ ಕಡಿಮೆ.

ಅಲ್ಯೂಮಿನಿಯಂ ಫ್ಲೈವೀಲ್ ಇನ್ನೂ ಹಗುರ, ಆದರೆ ಅದನ್ನು ರೇಸ್ ಕಾರಿಗೆ ಬಿಡಿ. ದಿನಾ ಊರೊಳಗೆ ಟ್ರಾಫಿಕ್‌ನಲ್ಲಿ ಓಡುವ ಎಂಜಿಬಿಗೆ ಕಂಪನಿ ಫ್ಲೈವೀಲೇ ಸರಿ. ವಾರಾಂತ್ಯಕ್ಕೆ ಹೊರಡುವ ಕಾರಾದರೆ, ಹೇಗೂ ಕ್ಲಚ್ ಕೆಲಸಕ್ಕೆ ಎಂಜಿನ್ ಇಳಿಸಿದ ದಿನ ಸ್ಟೀಲಿನದನ್ನು ಹಾಕಿಸಿಕೊಳ್ಳಿ.